ಓದಿ ಹೇಳಿತೋ, ಊಹಿಸಿ ಹೇಳಿತೋ?

ಅಪಾರ್ಟ್‌ಮೆಂಟ್‌ನ ವಾಟ್ಸ್‌ಆ್ಯಪ್ ಗುಂಪಿಗೆ ರಾತ್ರಿ ಒಂಬತ್ತರ ಹೊತ್ತಿಗೆ ಒಂದು ಲಿಂಕ್ ಬಂದು ಬೀಳುತ್ತದೆ. ಇ–ಖಾತಾ ಕುರಿತ ಹೊಸ ಸುತ್ತೋಲೆಯಂತೆ. ತೆರೆದರೆ ಹನ್ನೆರಡು ಪುಟ, ಅದೂ ಸರ್ಕಾರಿ ಕನ್ನಡ. ಅಷ್ಟು ಓದುವ ವ್ಯವಧಾನ ಯಾರಿಗಿದೆ? ಮೂರನೇ ಮಹಡಿಯ ಹುಡುಗನೊಬ್ಬ ಲಿಂಕನ್ನು ಚಾಟ್‌ಬಾಟ್‌ಗೆ ಅಂಟಿಸಿ ‘ಇದರಲ್ಲಿ ಏನಿದೆ, ಚುಟುಕಾಗಿ ಹೇಳು’ ಎನ್ನುತ್ತಾನೆ. ತೆರೆಯ ಮೇಲೆ ಒಂದೆರಡು ಕ್ಷಣ ಚುಕ್ಕಿಗಳು ಕುಣಿಯುತ್ತವೆ, ಐದು ಅಂಶಗಳ ಅಚ್ಚುಕಟ್ಟಾದ ಸಾರಾಂಶ ಬರುತ್ತದೆ. ಅದು ಹಾಗೇ ಗುಂಪಿಗೆ ಫಾರ್ವರ್ಡ್ ಆಗುತ್ತದೆ. ‘ಥ್ಯಾಂಕ್ಸ್ ಪುಟ್ಟಾ’ ಎಂಬ ಉತ್ತರ, ಒಂದಿಷ್ಟು ಹೆಬ್ಬೆರಳು, ಕೈಮುಗಿದ ಚಿತ್ರ. ಬೆಳಗಾಗುವಷ್ಟರಲ್ಲಿ ಆ ಐದು ಅಂಶಗಳೇ ಸುತ್ತೋಲೆಯಾಗಿರುತ್ತವೆ.

ಇಷ್ಟೆಲ್ಲ ಆದರೂ ಚಾಟ್‌ಬಾಟ್ ಆ ಲಿಂಕ್ ತೆರೆದು ಓದಿತ್ತೇ ಎಂದು ಯಾರೂ ಕೇಳಿರುವುದಿಲ್ಲ. ಕೇಳಿದ್ದರೂ ದೊಡ್ಡ ಪ್ರಯೋಜನವಿರಲಿಲ್ಲ. ಓದಿದಾಗಲೂ ಓದದಿದ್ದಾಗಲೂ ಅದರ ಉತ್ತರದ ಧಾಟಿ ಒಂದೇ. ಅದಕ್ಕೇ ಅದರ ಮಾತಿಗೆ ಕಿವಿಗೊಡದೆ, ಹೊರಗಿನಿಂದ ಪರೀಕ್ಷಿಸುವ ದಾರಿಗಳನ್ನು ಪತ್ರಕರ್ತರು, ಪ್ರೋಗ್ರಾಮರ್‌ಗಳು ಹುಡುಕಿಕೊಂಡಿದ್ದಾರೆ.

ಮಿನುಗುವ ಅಣಬೆಗಳ ಕಾಡು

ಪರ್‌ಪ್ಲೆಕ್ಸಿಟಿ ಎಂಬುದು ಸ್ಯಾನ್ ಫ್ರಾನ್ಸಿಸ್ಕೊದ ಎಐ ಶೋಧ ಸೇವೆ. ಚೆನ್ನೈ ಮೂಲದ ಅರವಿಂದ ಶ್ರೀನಿವಾಸ್ ಅದರ ಮುಖ್ಯಸ್ಥರು. ಉತ್ತರದ ಜೊತೆಗೇ ಮೂಲದ ಲಿಂಕುಗಳನ್ನೂ ಕೊಡುವುದು ಅದರ ಹೆಗ್ಗಳಿಕೆ. 2024ರ ಜೂನ್‌ನಲ್ಲಿ ಅಮೆರಿಕದ ‘ವೈರ್ಡ್‌’ ಪತ್ರಿಕೆ ಅದನ್ನೊಮ್ಮೆ ಕೆಣಕಿ ನೋಡಿತು. ಪರೀಕ್ಷೆಗೆಂದೇ ವೆಬ್‌ಸೈಟೊಂದನ್ನು ಮಾಡಿ, ತಾನು ವೈರ್ಡ್‌ನ ವರದಿಗಾರ ಎಂದು ಹೇಳುವ ಒಂದೇ ಒಂದು ವಾಕ್ಯವನ್ನು ಅದರಲ್ಲಿ ಬರೆದಿಡಲಾಯಿತು. ಪುಟದ ಸಾರಾಂಶ ಕೊಡು ಎಂದು ಪರ್‌ಪ್ಲೆಕ್ಸಿಟಿಯನ್ನು ಕೇಳಿ, ಆ ಕಡೆ ಸರ್ವರ್‌ಗೆ ಯಾರು ಬರುತ್ತಾರೆಂದು ಕಾದರು.

ಯಾರೂ ಬಂದ ಗುರುತಿಲ್ಲ. ಉತ್ತರ ಮಾತ್ರ ಬಂತು. ಅಮೀಲಿಯಾ ಎಂಬ ಪುಟ್ಟ ಹುಡುಗಿ ವಿಸ್ಪರ್ ವುಡ್ಸ್ ಎಂಬ ಮಾಯಾ ಕಾಡಿನಲ್ಲಿ ಮಿನುಗುವ ಅಣಬೆಗಳ ಜಾಡು ಹಿಡಿದು ಹೋಗುವ ಕಥೆ! ಪುಟದಲ್ಲಿದ್ದ ಆ ಒಂದು ವಾಕ್ಯಕ್ಕೂ ಇದಕ್ಕೂ ಸುತರಾಂ ಸಂಬಂಧವಿಲ್ಲ.

ಅಣಬೆ ಕಥೆಯಾದರೆ ನಕ್ಕು ಬಿಡಬಹುದು, ಸುಳ್ಳೆಂದು ನೋಡಿದ ಕೂಡಲೇ ತಿಳಿಯುತ್ತದೆ. ಅದೇ ತನಿಖೆಯಲ್ಲಿ ಸಿಕ್ಕ ಇನ್ನೊಂದು ಪ್ರಸಂಗ ಹಾಗಲ್ಲ. ಕ್ಯಾಲಿಫೋರ್ನಿಯಾದ ಪೊಲೀಸ್ ಅಧಿಕಾರಿಯೊಬ್ಬರು ಅಪರಾಧ ಎಸಗಿದ್ದಾರೆಂದು ವೈರ್ಡ್ ವರದಿ ಮಾಡಿದೆ ಎಂದು ಪರ್‌ಪ್ಲೆಕ್ಸಿಟಿ ಬರೆದಿತ್ತು. ವೈರ್ಡ್ ಅಂಥದ್ದನ್ನು ಬರೆದೇ ಇರಲಿಲ್ಲ. ಮಾಯಾ ಕಾಡು ಯಾರ ಮಾನವನ್ನೂ ಕಳೆಯುವುದಿಲ್ಲ, ಈ ವಾಕ್ಯ ಕಳೆಯುತ್ತದೆ.

ವಿಳಾಸದಲ್ಲೇ ಅರ್ಧ ಸುದ್ದಿ

ಇದೇನೂ ಒಂದು ಕಂಪನಿಯ ಸಮಸ್ಯೆಯಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದಾಗ ಅದಕ್ಕೆ ಅಂತರ್ಜಾಲದ ಪುಟ ತೆರೆಯುವ ಶಕ್ತಿಯೇ ಇರಲಿಲ್ಲ. ಆದರೂ ಲಿಂಕ್ ಕೊಟ್ಟರೆ ಲೇಖನದ ಸಾರಾಂಶ ಹೇಳುತ್ತಿತ್ತು. ಜನ ನಂಬುತ್ತಿದ್ದರು, ನಂಬಲು ಕಾರಣವೂ ಇತ್ತು: ಸಾರಾಂಶ ಬಹುಪಾಲು ಸರಿಯಾಗಿಯೇ ಕಾಣುತ್ತಿತ್ತು. ಜ್ಯಾಂಗೊ ಎಂಬ ಜನಪ್ರಿಯ ವೆಬ್ ತಂತ್ರಾಂಶವನ್ನು ರೂಪಿಸಿದವರಲ್ಲಿ ಒಬ್ಬರಾದ ಸೈಮನ್ ವಿಲಿಸನ್ 2023ರ ಮಾರ್ಚ್‌ನಲ್ಲಿ ಈ ಗುಟ್ಟನ್ನು ಒಡೆದರು. ಅಸ್ತಿತ್ವದಲ್ಲೇ ಇಲ್ಲದ ವಿಳಾಸಗಳನ್ನು ಕಟ್ಟಿ ಕೊಟ್ಟರೂ ಚಾಟ್‌ಜಿಪಿಟಿ ಅವುಗಳನ್ನು ‘ಓದಿ’ ಸಾರಾಂಶ ಒಪ್ಪಿಸುತ್ತದೆಂದು ಅವರು ತೋರಿಸಿದರು.

ಗುಟ್ಟು ಇರುವುದು ವಿಳಾಸದಲ್ಲಿ. ಸುದ್ದಿತಾಣಗಳ ಲಿಂಕನ್ನು ಬಿಡಿಸಿ ನೋಡಿದರೆ ದಿನಾಂಕ, ವಿಭಾಗ, ಶೀರ್ಷಿಕೆಯ ಮುಖ್ಯ ಪದಗಳು ಎಲ್ಲವೂ ಅಲ್ಲೇ ಇರುತ್ತವೆ. ‘ಹಾಸನ–ಕಾಡಾನೆ–ದಾಳಿ–ಕಾರ್ಮಿಕ–ಸಾವು’ ಎಂದು ಒಂದು ಲಿಂಕಿನಲ್ಲಿದೆ ಎಂದಿಟ್ಟುಕೊಳ್ಳಿ. ಇಷ್ಟು ಸಿಕ್ಕರೆ ಉಳಿದದ್ದನ್ನು ಕೂತಲ್ಲೇ ಬರೆಯಬಹುದು: ಕಾಫಿ ತೋಟ, ಬೆಳಗಿನ ಜಾವ, ಸ್ಥಳದಲ್ಲೇ ಸಾವು, ಅರಣ್ಯ ಇಲಾಖೆ ವಿರುದ್ಧ ಗ್ರಾಮಸ್ಥರ ಪ್ರತಿಭಟನೆ, ಅಧಿಕಾರಿಗಳಿಂದ ಪರಿಹಾರದ ಭರವಸೆ. ಇಂಥ ನೂರಾರು ವರದಿಗಳನ್ನು ನುಂಗಿ ಬೆಳೆದ ಯಂತ್ರಕ್ಕೆ ಇದು ಲೀಲಾಜಾಲ. ಹತ್ತರಲ್ಲಿ ಏಳೆಂಟು ಮಾತು ಹೊಂದಿಕೊಂಡರೂ ಸಾಕು, ಓದುಗ ತಲೆಯಾಡಿಸುತ್ತಾನೆ. ಹೊಂದದೇ ಉಳಿಯುವುದು ಸತ್ತವರ ಹೆಸರು, ಊರು, ಪರಿಹಾರದ ಮೊತ್ತ. ಸುದ್ದಿಯಲ್ಲಿ ಸುದ್ದಿ ಎನ್ನುವುದು ಅದೇ.

ಪುಟ ತರುವವರು ಬೇರೆ

ಈಗಿನ ಚಾಟ್‌ಬಾಟ್‌ಗಳಿಗೆ ಪುಟ ತೆರೆಯುವ ಸೌಲಭ್ಯ ಇದೆ. ಆದರೆ ಮಾತಾಡುವ ಭಾಗ ಬೇರೆ, ಪುಟ ತರುವ ಭಾಗ ಬೇರೆ. ಉತ್ತರ ಬರೆಯುವ ಭಾಷಾ ಮಾದರಿ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ‘ಈ ವಿಳಾಸದ ಪುಟ ಬೇಕು’ ಎಂದು ಅದೊಂದು ಚೀಟಿ ಬರೆದ ಹಾಗೆ ಕೋರಿಕೆ ಸಲ್ಲಿಸುತ್ತದೆ. ಕಂಪನಿಯ ಸರ್ವರ್‌ನಲ್ಲಿರುವ ಬೇರೊಂದು ಪ್ರೋಗ್ರಾಂ ಪುಟವನ್ನು ತಂದು, ಮೆನು, ಜಾಹೀರಾತು ಮುಂತಾದವನ್ನು ಸೋಸಿ, ಬರೀ ಪಠ್ಯವನ್ನು ಮಾದರಿಯ ಮುಂದಿಡುತ್ತದೆ.

ಎಡವಟ್ಟು ಇಲ್ಲಿ ಎಲ್ಲಿ ಬೇಕಾದರೂ ಆಗಬಹುದು. ತನಗೆ ಗೊತ್ತಿರುವ ವಿಷಯವೇ ಎಂದು ಮಾದರಿ ಕೋರಿಕೆಯನ್ನೇ ಸಲ್ಲಿಸದೆ ಇರಬಹುದು. ಪುಟದ ಯಜಮಾನರು ಬಾಗಿಲು ಹಾಕಿರಬಹುದು. ನೇರವಾಗಿ ಪುಟಕ್ಕೆ ಹೋಗದೆ, ಶೋಧ ಯಂತ್ರವೊಂದು ಎಂದೋ ತೆಗೆದಿಟ್ಟುಕೊಂಡ ಪ್ರತಿಯ ಎರಡು ಸಾಲು ಸಿಕ್ಕಿ, ಅಷ್ಟರಲ್ಲೇ ಕೆಲಸ ಮುಗಿದಿರಬಹುದು. ಪುಟ ಸಿಗದಿದ್ದಾಗ ‘ಸಿಗಲಿಲ್ಲ’ ಎನ್ನುವುದನ್ನು ಈ ಮಾದರಿಗಳಿಗೆ ಕಲಿಸಲಾಗುತ್ತಿದೆ, ಮೊದಲಿಗಿಂತ ಸುಧಾರಿಸಿವೆ ಕೂಡ. ಆದರೆ ಅವುಗಳ ಮೂಲ ಕಸುಬು ಸಂಭವನೀಯವಾದ ಮುಂದಿನ ಪದವನ್ನು ಹುಡುಕುವುದು. ಖಾಲಿ ಜಾಗ ಕಂಡಾಗ ತುಂಬಲು ಹೊರಡುವುದು ಆ ಕಸುಬಿನ ಗುಣ.

ಯಂತ್ರವನ್ನೇ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್‌ನ ಒಂದು ಮೊಕದ್ದಮೆ ಸಾಕ್ಷಿ. ‘ಮಾತಾ ವಿರುದ್ಧ ಏವಿಯಾಂಕಾ’ ಪ್ರಕರಣದಲ್ಲಿ ವಕೀಲರೊಬ್ಬರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದರು. ಅನುಮಾನ ಬಂದು ‘ಇವು ನಿಜವಾದ ತೀರ್ಪುಗಳೇ’ ಎಂದೂ ಅದನ್ನೇ ವಿಚಾರಿಸಿದ್ದರು. ಹೌದು, ವೆಸ್ಟ್‌ಲಾ, ಲೆಕ್ಸಿಸ್‌ನೆಕ್ಸಿಸ್‌ನಂಥ ಹೆಸರಾಂತ ಕಾನೂನು ಕೋಶಗಳಲ್ಲಿ ಸಿಗುತ್ತವೆ ಎಂದಿತ್ತು ಅದು. ಆಗ ಅದಕ್ಕೆ ಆ ಕೋಶಗಳನ್ನು ತೆರೆದು ನೋಡುವ ದಾರಿಯೇ ಇರಲಿಲ್ಲ. ತೀರ್ಪುಗಳು ಎಲ್ಲೂ ಇರಲಿಲ್ಲ. 2023ರ ಜೂನ್‌ನಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು.

ಊಹೆಗೆ ಸಿಗದ ಉತ್ತರ

ಹಾಗಾದರೆ ಪರೀಕ್ಷೆ ಹೇಗಿರಬೇಕು? ಊಹಿಸಿ ಪಾಸಾಗಲು ಸಾಧ್ಯವೇ ಇಲ್ಲದಂತಿರಬೇಕು. ಪರೀಕ್ಷಕರು ಮೊದಲು ಮಾಡುವುದು ಹಿಂದೆಂದೂ ಇಲ್ಲದ ಪುಟವೊಂದನ್ನು ಹೊಸದಾಗಿ ಸೃಷ್ಟಿಸುವುದು. ಯಾವ ಮಾದರಿಯ ತರಬೇತಿಯಲ್ಲೂ, ಯಾವ ಶೋಧ ಯಂತ್ರದ ಸಂಗ್ರಹದಲ್ಲೂ ಅದು ಇರುವಂತಿಲ್ಲ. ವಿಳಾಸ ಬರೀ ಒಂದು ಸಂಖ್ಯೆ, ಒಳಗಿನ ವಿಷಯದ ಸುಳಿವೇ ಇಲ್ಲ. ಪುಟದಲ್ಲಿ ‘ನೀಲಿ ಬದನೆಕಾಯಿ, 7316, ಹೊನ್ನಾಳಿ’ ಎಂಬಂಥ ತಲೆಬುಡವಿಲ್ಲದ ಸಾಲು. ಚಾಟ್‌ಬಾಟ್ ಈ ಮೂರನ್ನೂ ತಪ್ಪಿಲ್ಲದೆ ಹೇಳಿದರೆ ಪುಟ ಅದರ ಕೈಗೆ ಬಂದಿದೆ. ಜಗತ್ತಿನ ಯಾವ ಅಂಕಿಅಂಶದ ಬಲದಿಂದಲೂ ಬದನೆಕಾಯಿಯನ್ನು ಹೊನ್ನಾಳಿಗೆ ಗಂಟು ಹಾಕಲಾಗದು.

ಇದಕ್ಕಿಂತ ಮಜವಾದದ್ದು ದಾರಿ ತಪ್ಪಿಸುವ ವಿಳಾಸ. ಲಿಂಕಿನಲ್ಲಿ ‘ಅಪ್ಪೆಮಿಡಿ–ಉಪ್ಪಿನಕಾಯಿ–ವಿಧಾನ’ ಎಂದಿರುತ್ತದೆ, ಪುಟ ತೆರೆದರೆ ಸೈಕಲ್ ಪಂಕ್ಚರ್ ಹಾಕುವ ಬಗೆ. ಪುಟಕ್ಕೆ ಹೋದವರು ಪಂಕ್ಚರ್ ಮಾತಾಡುತ್ತಾರೆ. ಹೋಗದವರು ಸಾಸಿವೆ, ಮೆಣಸಿನಪುಡಿ, ಭರಣಿ ಎಂದು ಶುರುಮಾಡುತ್ತಾರೆ. ಇನ್ನು, ಇಲ್ಲವೇ ಇಲ್ಲದ ಪುಟದ ಲಿಂಕ್ ಕೊಡುವುದಂತೂ ಹಳೆಯ, ಸುಲಭದ ಉಪಾಯ. ‘404, ಪುಟ ಸಿಗಲಿಲ್ಲ’ ಎನ್ನಬೇಕಾದಲ್ಲಿ ಸಾರಾಂಶ ಬಂದರೆ ಮುಂದಿನ ವಿಚಾರಣೆ ಬೇಕಿಲ್ಲ.

ಪುಟದ ಸಾಲನ್ನು ಬದಲಿಸಿ ಮತ್ತೆ ಕೇಳುವುದೂ ಉಂಟು. ಹಳೆಯ ಸಾಲನ್ನೇ ಹೇಳಿದರೆ ತೆಗೆದಿಟ್ಟ ಪ್ರತಿಯಿಂದ ಓದುತ್ತಿದೆ ಎಂದರ್ಥ. ಆದರೆ ಒಂದೇ ಸಲ ಕೇಳಿ ತೀರ್ಮಾನಕ್ಕೆ ಬರುವಂತಿಲ್ಲ. ಅದೇ ಚಾಟ್‌ಬಾಟ್ ಬೆಳಿಗ್ಗೆ ಪುಟ ತೆರೆದು ಸಂಜೆ ತೆರೆಯದೆ ಇರಬಹುದು. ಹಿಂದಿನ ಮಾತುಕತೆಯನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ ಚಾಲೂ ಇದ್ದರೆ ನಿನ್ನೆಯ ಉತ್ತರವನ್ನೇ ಇಂದು ಒಪ್ಪಿಸಬಹುದು. ಹಾಗಾಗಿ ನೆನಪಿನ ಸೌಲಭ್ಯವನ್ನು ನಿಲ್ಲಿಸಿ, ಪ್ರತಿ ಸಲ ಹೊಸ ಸಂಭಾಷಣೆಯಲ್ಲಿ, ಹೊಸ ಗುಟ್ಟಿನ ಪದದೊಂದಿಗೆ ಕೇಳಬೇಕಾಗುತ್ತದೆ.

ಸರ್ವರ್‌ನ ಹಾಜರಿ ಪುಸ್ತಕ

ಉತ್ತರವನ್ನು ನೋಡುವುದು ಒಂದು ಕಡೆಯ ಸಾಕ್ಷಿ. ಇನ್ನೊಂದು ಸಾಕ್ಷಿ ಪುಟ ಇರುವ ಸರ್ವರ್‌ನಲ್ಲೇ ದಾಖಲಾಗುತ್ತದೆ. ಯಾರು ಬಂದರೂ ಅಲ್ಲಿನ ಲಾಗ್‌ನಲ್ಲಿ ಒಂದು ಸಾಲು ಬೀಳುತ್ತದೆ, ಶಾಲೆಯ ಹಾಜರಿ ಪುಸ್ತಕದ ಹಾಗೆ. ಸಾಲಿನ ಮೊದಲಿಗೆ ಬಂದವರ ಐಪಿ ವಿಳಾಸ, ಚೌಕ ಕಂಸದೊಳಗೆ ದಿನಾಂಕ ಮತ್ತು ಸೆಕೆಂಡಿನವರೆಗಿನ ಸಮಯ, ಆಮೇಲೆ ಕೇಳಿದ ಪುಟದ ಹೆಸರು. ಅದರ ಬೆನ್ನಿಗೆ ಮೂರಂಕಿಯ ಸಂಕೇತ: 200 ಎಂದರೆ ಪುಟ ಕೊಟ್ಟಾಯಿತು, 403 ಎಂದರೆ ಪ್ರವೇಶವಿಲ್ಲ, 404 ಎಂದರೆ ಅಂಥ ಪುಟವಿಲ್ಲ. ಕೊನೆಯಲ್ಲಿ, ಬಂದವರು ತಾವಾಗಿ ಹೇಳಿಕೊಂಡ ಹೆಸರು.

ಆ ಹೆಸರುಗಳಲ್ಲೇ ಸ್ವಾರಸ್ಯವಿದೆ. ಓಪನ್‌ಎಐ ಕಂಪನಿಯ ‘ಜಿಪಿಟಿಬಾಟ್’ ಬರುವುದು ತರಬೇತಿಗೆ ಪಠ್ಯ ಕೂಡಿಸಲು. ಬಳಕೆದಾರರು ಲಿಂಕ್ ಕೊಟ್ಟಾಗ ಬರುವುದು ‘ಚಾಟ್‌ಜಿಪಿಟಿ–ಯೂಸರ್’. ಆಂಥ್ರೊಪಿಕ್‌ನಲ್ಲೂ ಹೀಗೇ ‘ಕ್ಲಾಡ್‌ಬಾಟ್’ ಬೇರೆ, ‘ಕ್ಲಾಡ್–ಯೂಸರ್’ ಬೇರೆ. ಲಿಂಕ್ ಅಂಟಿಸಿದ ಕೆಲವೇ ಸೆಕೆಂಡುಗಳಲ್ಲಿ ‘ಯೂಸರ್’ ಹೆಸರಿನ ಸಾಲು ಬಿದ್ದು, ಸಂಕೇತ 200 ಇದ್ದು, ಗುಟ್ಟಿನ ಪದವೂ ಉತ್ತರದಲ್ಲಿ ಬಂದರೆ ಹೋಗಿ ಬಂದದ್ದು ಖಚಿತ.

ಹೆಸರನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಹೇಳಿಕೊಳ್ಳಬಹುದು ಎಂಬುದೊಂದು ತೊಡಕು. ಅದಕ್ಕೇ ಓಪನ್‌ಎಐಯಂಥ ಕಂಪನಿಗಳು ತಮ್ಮ ಐಪಿ ವಿಳಾಸಗಳ ಪಟ್ಟಿಯನ್ನು ಪ್ರಕಟಿಸುತ್ತವೆ, ತಾಳೆ ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದರೂ ಅದರ ಸಣ್ಣ ಚಿತ್ರ ತೋರಿಸಲು ವಾಟ್ಸ್‌ಆ್ಯಪ್ ತಾನೇ ಪುಟವನ್ನೊಮ್ಮೆ ಮುಟ್ಟುತ್ತದೆ. ಅದನ್ನು ಚಾಟ್‌ಬಾಟ್‌ನ ಭೇಟಿ ಎಂದುಕೊಂಡರೆ ಪರೀಕ್ಷೆ ಕೆಟ್ಟಂತೆ. ಲಾಗ್‌ನಲ್ಲಿ ಸಾಲು ಇಲ್ಲ ಎಂದಾಕ್ಷಣ ಯಾರೂ ಬಂದಿಲ್ಲ ಎನ್ನುವಂತೆಯೂ ಇಲ್ಲ. ಪುಟದ ನಕಲನ್ನು ನಡುವಿನ ಸರ್ವರ್‌ಗಳಲ್ಲಿ ಇಟ್ಟು ಹಂಚುವ ಏರ್ಪಾಡು ಇದ್ದರೆ ಭೇಟಿ ಅಲ್ಲೇ ಮುಗಿದಿರುತ್ತದೆ.

ತಂದರೂ ಓದಲಾಗದ್ದು

ಭೇಟಿ ಸಾಬೀತಾದರೂ ಓದು ಸಾಬೀತಾಗುವುದಿಲ್ಲ. ಈಚಿನ ಎಷ್ಟೋ ಪುಟಗಳಲ್ಲಿ ಮೊದಲು ಬರುವುದು ಬರಿಯ ಚೌಕಟ್ಟು. ಒಳಗಿನ ಪಠ್ಯವನ್ನು ಜಾವಾಸ್ಕ್ರಿಪ್ಟ್ ಆಮೇಲೆ ತಂದು ತುಂಬುತ್ತದೆ. ಬ್ರೌಸರ್‌ನಲ್ಲಿ ನೋಡುವ ಮನುಷ್ಯರಿಗೆ ಇದು ಗೊತ್ತೇ ಆಗುವುದಿಲ್ಲ. ಹೆಸರಾಂತ ಎಐ ಕ್ರಾಲರ್‌ಗಳು, ಅಂದರೆ ಪುಟಗಳನ್ನು ಸುತ್ತಿ ತರುವ ಪ್ರೋಗ್ರಾಂಗಳು, ಜಾವಾಸ್ಕ್ರಿಪ್ಟ್ ಕಡತವನ್ನು ಒಯ್ದರೂ ಅದನ್ನು ಚಲಾಯಿಸುವುದಿಲ್ಲ ಎಂದು ವರ್ಸೆಲ್ ಕಂಪನಿಯ 2024ರ ಡಿಸೆಂಬರ್‌ನ ವಿಶ್ಲೇಷಣೆ ಹೇಳಿತ್ತು. ಗೂಗಲ್‌ನ ವ್ಯವಸ್ಥೆ ಇದಕ್ಕೆ ಹೊರತು. ಅಂದರೆ ಲಾಗ್‌ನಲ್ಲಿ 200 ಎಂದಿದ್ದರೂ ಯಂತ್ರಕ್ಕೆ ಸಿಕ್ಕಿದ್ದು ಖಾಲಿ ಚೌಕಟ್ಟು ಇರಬಹುದು. ಉದ್ದದ ಪುಟಗಳದ್ದು ಇನ್ನೊಂದು ಬಗೆ. ಎಷ್ಟೋ ಸಲ ಮೊದಲ ಭಾಗವನ್ನಷ್ಟೇ ಉಳಿಸಿಕೊಂಡು ಬಾಲ ಕತ್ತರಿಸಲಾಗುತ್ತದೆ. ಪರೀಕ್ಷಕರು ಗುಟ್ಟಿನ ಪದವನ್ನು ಪುಟದ ತಲೆ, ನಡು, ಬುಡ ಮೂರೂ ಕಡೆ ಇಟ್ಟು ನೋಡುವುದು ಇದಕ್ಕೇ.

ಕನ್ನಡಕ್ಕೆ ಇಲ್ಲೊಂದು ಹೆಚ್ಚುವರಿ ಪೆಟ್ಟು. ಭಾಷಾ ಮಾದರಿಗಳು ಪಠ್ಯವನ್ನು ಚೂರು ಚೂರು ಮಾಡಿ ಓದುತ್ತವೆ. ಅದೇ ವಿಷಯಕ್ಕೆ ಇಂಗ್ಲಿಷ್‌ಗಿಂತ ಕನ್ನಡದಲ್ಲಿ ಸಾಮಾನ್ಯವಾಗಿ ಹೆಚ್ಚು ಚೂರುಗಳಾಗುವುದರಿಂದ ಮಿತಿ ಬೇಗ ಮುಟ್ಟುತ್ತದೆ, ಬಾಲ ಬೇಗ ಕತ್ತರಿಸಿಹೋಗುತ್ತದೆ. ಸರ್ಕಾರಿ ಸುತ್ತೋಲೆಗಳ ಪಿಡಿಎಫ್‌ಗಳ ಕಥೆ ಇನ್ನೂ ಕಷ್ಟದ್ದು. ಕೆಲವು ಬರಿಯ ಸ್ಕ್ಯಾನ್ ಚಿತ್ರಗಳು. ಹಳೆಯವು ಎಷ್ಟೋ ಯೂನಿಕೋಡ್‌ಗಿಂತ ಹಿಂದಿನ ನುಡಿ, ಬರಹ ಫಾಂಟುಗಳಲ್ಲಿವೆ. ಕಣ್ಣಿಗೆ ಅಂದವಾದ ಕನ್ನಡವೇ ಕಾಣುತ್ತದೆ. ಆದರೆ ನುಡಿ ಫಾಂಟಿನ ‘ಕನ್ನಡ’ ಎಂಬ ಪದವನ್ನು ಯಂತ್ರ ಎತ್ತಿಕೊಂಡಾಗ ಅದಕ್ಕೆ ಸಿಗುವುದು ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಗೀಟೆಳೆದ ಒಂದು ಎ, ಅದರ ಪಕ್ಕ ಬ್ರಿಟಿಷ್ ಪೌಂಡಿನ ಚಿಹ್ನೆ! ಹೀಗೆ ಹನ್ನೆರಡು ಪುಟ. ಕಡತದ ಹೆಸರಿನಲ್ಲಿ ‘ಸುತ್ತೋಲೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಮುಗಿಯಿತು, ಉಳಿದದ್ದನ್ನು ಸಾಮಾನ್ಯ ಜ್ಞಾನ ನೋಡಿಕೊಳ್ಳುತ್ತದೆ.

ಬೇಡವೆಂದಲ್ಲಿಗೂ

ಕರೆದಲ್ಲಿಗೆ ಹೋಗದಿರುವುದು ಒಂದು ದೂರಾದರೆ, ಬೇಡವೆಂದಲ್ಲಿಗೆ ಹೋಗುವುದು ಇನ್ನೊಂದು. ಅಣಬೆ ಕಥೆಯ ತನಿಖೆಯಲ್ಲಿ ಎರಡೂ ಒಟ್ಟಿಗೇ ಸಿಕ್ಕಿದ್ದವು. ಯಾವ ಬಾಟ್ ಎಲ್ಲಿಗೆ ಬರಬಾರದೆಂದು ಸೈಟಿನವರು ಬರೆದಿಡುವ ‘ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಕಡತವಿದೆ. 1994ರಲ್ಲಿ ಮಾರ್ಟೈನ್ ಕಾಸ್ಟರ್ ಸೂಚಿಸಿದ ಪದ್ಧತಿ ಅದು. ಅದು ಬೀಗವಲ್ಲ, ಬರೀ ಸೂಚನೆ. ಪಾಲಿಸುವುದು ಬಂದವರ ಮರ್ಯಾದೆಗೆ ಬಿಟ್ಟದ್ದು. ವೈರ್ಡ್‌ನ ಪ್ರಕಾಶಕರು ಪರ್‌ಪ್ಲೆಕ್ಸಿಟಿಗೆ ಪ್ರವೇಶ ನಿರಾಕರಿಸಿದ್ದರೂ, ಅದಕ್ಕೆ ಸಂಬಂಧಿಸಿದ್ದೆಂದು ಪತ್ರಿಕೆ ಗುರುತಿಸಿದ ಒಂದು ಅಘೋಷಿತ ಐಪಿ ವಿಳಾಸ ಮೂರು ತಿಂಗಳಲ್ಲಿ ಕನಿಷ್ಠ 822 ಬಾರಿ ಬಂದುಹೋಗಿತ್ತು. ಆ ಕ್ರಾಲರ್ ಬೇರೊಂದು ಸಂಸ್ಥೆಯದೆಂದು ಶ್ರೀನಿವಾಸ್ ಸಮಜಾಯಿಷಿ ಕೊಟ್ಟರು.

2025ರ ಆಗಸ್ಟ್‌ನಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ಇದೇ ಪರೀಕ್ಷೆಯನ್ನು ಇನ್ನಷ್ಟು ಬಿಗಿಯಾಗಿ ಮಾಡಿತು. ಹೊಚ್ಚಹೊಸ ಡೊಮೇನ್‌ಗಳನ್ನು ಕೊಂಡು, ಯಾವ ಶೋಧ ಯಂತ್ರಕ್ಕೂ ಗೊತ್ತಾಗದಂತೆ ಇಟ್ಟು, ಯಾವ ಬಾಟೂ ಬರಬಾರದೆಂದು ಬರೆಯಿತು. ಆದರೂ ಪರ್‌ಪ್ಲೆಕ್ಸಿಟಿ ಆ ಸೈಟುಗಳ ಒಳಗಿನ ವಿವರ ಹೇಳಿತು; ಮ್ಯಾಕ್ ಕಂಪ್ಯೂಟರಿನ ಕ್ರೋಮ್ ಬ್ರೌಸರ್ ಎಂದು ಹೇಳಿಕೊಂಡ ಯಾರೋ ಬಂದುಹೋಗಿದ್ದರು. ಅದೇ ಪರೀಕ್ಷೆಯಲ್ಲಿ ಚಾಟ್‌ಜಿಪಿಟಿ ಸೂಚನೆಯನ್ನು ಓದಿ ಹಿಂತಿರುಗಿತು ಎಂದು ಕ್ಲೌಡ್‌ಫ್ಲೇರ್ ವರದಿ ಮಾಡಿತು. ಬಳಕೆದಾರ ಕೇಳಿದಾಗ ಅವನ ಪರವಾಗಿ ಪುಟ ತರುವುದು ಕ್ರಾಲಿಂಗ್ ಅಲ್ಲ, ಬೇರೆಯವರ ಭೇಟಿಗಳನ್ನು ತನ್ನ ಲೆಕ್ಕಕ್ಕೆ ಹಾಕಲಾಗಿದೆ ಎಂದು ಪರ್‌ಪ್ಲೆಕ್ಸಿಟಿ ವಾದಿಸಿತು. ಮೊದಲನೆಯ ವಾದದಲ್ಲಿ ಹುರುಳಿದೆ. ಆದರೆ ವೇಷ ಮರೆಸಿಕೊಂಡು ಬರಬೇಕಾದ ಅಗತ್ಯವೇನು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಓಪನ್‌ಎಐ ಕೂಡ ಈ ಬಿಕ್ಕಟ್ಟನ್ನು ಕಂಡಿದೆ. ಚಾಟ್‌ಜಿಪಿಟಿಗೆ ಬಿಂಗ್ ಮೂಲಕ ಪುಟ ತೆರೆಯುವ ಸೌಲಭ್ಯ ಕೊಟ್ಟ ಸ್ವಲ್ಪ ಸಮಯಕ್ಕೇ, 2023ರ ಜುಲೈನಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಲಿಂಕಿನ ಪೂರ್ತಿ ಪಠ್ಯ ಕೊಡು ಎಂದರೆ ಕೊಟ್ಟುಬಿಡುತ್ತಿತ್ತು, ಚಂದಾ ಕಟ್ಟಬೇಕಾದ ಲೇಖನಗಳೂ ಸೇರಿ. ಸೆಪ್ಟೆಂಬರ್ ಕೊನೆಗೆ ಮರಳಿ ತಂದಿತು.

ಲಿಂಕ್ ಕೊಟ್ಟ ಮಾತ್ರಕ್ಕೆ

ಉತ್ತರದ ಕೆಳಗೆ ಮೂಲದ ಲಿಂಕ್ ಇದ್ದರೆ ಓದಿರುತ್ತದೆ ಎಂದು ನಂಬುವವರೇ ಹೆಚ್ಚು. ಕೊಲಂಬಿಯಾ ವಿಶ್ವವಿದ್ಯಾಲಯದ ಟೋ ಸೆಂಟರ್ 2025ರ ಮಾರ್ಚ್‌ನಲ್ಲಿ ಎಂಟು ಎಐ ಶೋಧ ಸೇವೆಗಳನ್ನು ಪರೀಕ್ಷಿಸಿತು. 20 ಪ್ರಕಾಶಕರ 200 ಲೇಖನಗಳಿಂದ ಆಯ್ದ ಭಾಗಗಳನ್ನು ಕೊಟ್ಟು ಶೀರ್ಷಿಕೆ, ಪ್ರಕಾಶಕರು, ದಿನಾಂಕ, ಲಿಂಕ್ ಕೇಳಿತು. ಒಟ್ಟು 1,600 ಪ್ರಶ್ನೆಗಳಲ್ಲಿ ಶೇ 60ಕ್ಕೂ ಹೆಚ್ಚಿನವಕ್ಕೆ ತಪ್ಪು ಉತ್ತರ ಬಂತು. ಆ ಎಂಟರಲ್ಲಿ ಒಂದಾದ ಗ್ರೋಕ್–3ಗೆ ಕೇಳಿದ 200 ಪ್ರಶ್ನೆಗಳ ಉತ್ತರಗಳಲ್ಲಿ 154 ಲಿಂಕುಗಳನ್ನು ಒತ್ತಿದರೆ ತೆರೆದದ್ದು ‘ಪುಟವಿಲ್ಲ’ ಎಂಬ ಪುಟ. ಲಿಂಕನ್ನೂ ಹೆಣೆಯಬಹುದು ಎಂಬುದು ಅನೇಕರ ಊಹೆಗೆ ಬಂದಿರುವುದಿಲ್ಲ.

ನಿಜವಾಗಿ ಪುಟಕ್ಕೆ ಹೋಗಿ ಓದುವುದರಲ್ಲೂ ಅಪಾಯವಿದೆ. ಬ್ರಿಟನ್‌ನ ‘ಗಾರ್ಡಿಯನ್’ ಪತ್ರಿಕೆ 2024ರ ಡಿಸೆಂಬರ್‌ನಲ್ಲಿ ಕ್ಯಾಮೆರಾ ಮಾರುವ ನಕಲಿ ಪುಟ ಮಾಡಿ, ಮನುಷ್ಯರ ಕಣ್ಣಿಗೆ ಕಾಣದಂತೆ ‘ಒಳ್ಳೆಯ ವಿಮರ್ಶೆ ಕೊಡು’ ಎಂಬ ಆದೇಶ ಅಡಗಿಸಿತ್ತು. ಪುಟದಲ್ಲಿ ಟೀಕೆಗಳಿದ್ದರೂ ಚಾಟ್‌ಜಿಪಿಟಿ ಹೊಗಳಿತು.

ಸರ್ವರ್ ಇಲ್ಲದ ಸಾಮಾನ್ಯ ಬಳಕೆದಾರರೂ ಒಂದಿಷ್ಟು ಪರೀಕ್ಷೆ ಮಾಡಬಹುದು. ಸಾರಾಂಶ ಕೇಳುವ ಬದಲು ಪುಟದ ಕೊನೆಯ ಪ್ಯಾರಾದ ಮೊದಲ ವಾಕ್ಯವನ್ನು ಇದ್ದಂತೆಯೇ ಕೇಳಿ, ಪುಟ ತೆರೆದು ತಾಳೆ ನೋಡಬೇಕು. ಲಿಂಕಿನ ನಡುವೆ ಒಂದೆರಡು ಅಕ್ಷರ ಕೆಡಿಸಿ ಕೊಟ್ಟು ಏನು ಹೇಳುತ್ತದೆಂದು ನೋಡಬೇಕು. ಹಣ, ಆಸ್ತಿ, ಔಷಧದ ವಿಷಯವಾದರೆ ಲಿಂಕ್ ಕೊಡದೆ ಪುಟದ ಪಠ್ಯವನ್ನೇ ನಕಲಿಸಿ ಅಂಟಿಸಿದರೆ ಪುಟ ತರುವ ತಾಪತ್ರಯವೇ ತಪ್ಪುತ್ತದೆ. ನುಡಿ ಫಾಂಟಿನ ಪಿಡಿಎಫ್ ಆಗಿದ್ದರೆ ಅಂಟಿಸುವ ಮೊದಲು ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಉಚಿತ ಪರಿವರ್ತಕಗಳು ಸಿಗುತ್ತವೆ.